ಬೇರೆಯವರ ಜೇಬಿನ ಚೀಟಿ

ನಮ್ಮ ಬೀದಿಯಲ್ಲಿ ಯಾರಿಗೆ ಏನೇ ಆದರೂ ಮದ್ದು ಒಂದೇ. ನಾಲ್ಕು ಮಾತ್ರೆ. ಜ್ವರ ಬಂತೇ, ನಾಲ್ಕು ಮಾತ್ರೆ. ಕೆಮ್ಮೇ, ನಾಲ್ಕು ಮಾತ್ರೆ. ಸೊಂಟ ಹಿಡಿಯಿತೇ, ಹೊಟ್ಟೆ ಕೆಟ್ಟಿತೇ, ಮೆಟ್ಟಿಲಿನಿಂದ ಜಾರಿ ಬಿದ್ದಿರೇ, ಅದೇ ನಾಲ್ಕು. ಬೀದಿಯ ತುದಿಯಲ್ಲಿರುವ ನಮ್ಮ ಡಾಕ್ಟರಿಗೆ ಜನ ಇಟ್ಟ ಹೆಸರೇ ನಾಲ್ಕು ಮಾತ್ರೆ ಡಾಕ್ಟ್ರು. ಬೈದು ಇಟ್ಟ ಹೆಸರಲ್ಲ, ಪ್ರೀತಿಯಿಂದ ಇಟ್ಟದ್ದು.

"ಏನ್ ಕೈಗುಣ ಕಣ್ರೀ ಅವ್ರದು. ಬೆಳಿಗ್ಗೆ ನುಂಗಿದ್ರೆ ಸಾಯಂಕಾಲಕ್ಕೆ ಎದ್ದು ಓಡಾಡ್ಬೋದು," ಎಂದು ಎಲ್ಲರೂ ಹೇಳುತ್ತಿದ್ದರು. ನಾನೂ ಹೇಳಿದ್ದೇನೆ. ಈಗ ಅದು ನೆನಪಾದರೆ ನಾಲಿಗೆ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಡಾಕ್ಟರ ಜಾಗ ನೀವೂ ನೋಡಿರುವಂಥದ್ದೇ. ಮುಂದಿನ ಕೋಣೆಯಲ್ಲಿ ಗೋಡೆಗೆ ಒತ್ತಿಟ್ಟ ಎರಡು ಬೆಂಚು, ತಲೆ ಒರಗಿಸಿ ಒರಗಿಸಿ ಗೋಡೆಯ ಮೇಲೆ ಎಣ್ಣೆಯ ಗುರುತು, ಒಳಗಿನ ಕೋಣೆಗೆ ಒಂದು ಹಸಿರು ಪರದೆ. ಹೊರಗೆ ಅರ್ಧ ದಿನ ಕಾಯಬೇಕು. ಒಳಗೆ ಸಿಗುವುದು ಮೂರು ನಿಮಿಷ. ಸ್ಟೂಲಿನ ಮೇಲೆ ಕೂತು "ಡಾಕ್ಟ್ರೇ, ಮೂರು ದಿನದಿಂದ" ಅನ್ನುವಷ್ಟರಲ್ಲಿ ಅವರ ಪೆನ್ನು ಎರಡನೇ ಸಾಲಿಗೆ ಬಂದಿರುತ್ತಿತ್ತು. ಎಷ್ಟು ಚುರುಕು ಅಂತ ನಮಗೆಲ್ಲ ಹೆಮ್ಮೆ. ನಾವು ಹೇಳುವುದನ್ನು ಕೇಳದೆ ಹೇಗೆ ಬರೆಯುತ್ತಾರೆ ಎಂದು ಒಬ್ಬರಿಗೂ ಹೊಳೆಯಲಿಲ್ಲ.

ನಮ್ಮದು ಇಸ್ತ್ರಿ ಅಂಗಡಿ. ಅಕ್ಕ ಇಸ್ತ್ರಿ ಮಾಡುತ್ತಾಳೆ. ಭಾವ ಸೈಕಲ್ಲಿನಲ್ಲಿ ಮನೆಮನೆ ಸುತ್ತಿ ಬಟ್ಟೆ ತರುತ್ತಾರೆ, ಕೊಟ್ಟು ಬರುತ್ತಾರೆ. ಬಟ್ಟೆಗೆ ನಂಬರು ಹಾಕುವುದು, ಜೇಬು ನೋಡುವುದು, ಮಡಿಸುವುದು ನನ್ನ ಪಾಲು. ಮೂವರಲ್ಲಿ ಸರಿಯಾಗಿ ಓದು ಬಂದವಳು ನಾನೊಬ್ಬಳೇ. ಡಾಕ್ಟರ ಕಾಗೆಕಾಲು ಗುಬ್ಬಿಕಾಲು ಅಕ್ಷರವನ್ನೂ ಬಿಡಿಸಿ ಓದುತ್ತೇನೆ. ಆ ಓದೇ ನಮ್ಮ ಮನೆಗೆ ಮುಳುವಾಯಿತು.

ಜೇಬು ನೋಡುವುದು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಒಂದು ಪೆನ್ನು ಕಣ್ಣು ತಪ್ಪಿದರೆ ಬಿಳಿ ಶರ್ಟಿನ ಕಥೆ ಮುಗಿಯಿತು. ಜೇಬಿನಲ್ಲಿ ಏನೇನು ಸಿಗುತ್ತದೆ ಅಂತೀರಿ. ಬಸ್ ಟಿಕೆಟ್ಟು, ಬೀಗದ ಕೈ, ಅರ್ಧ ಚೀಪಿದ ಮಿಠಾಯಿ, ಒಮ್ಮೆ ಒಬ್ಬರ ಕಟ್ಟಿಸಿದ ಹಲ್ಲು. ಎಲ್ಲವನ್ನೂ ತಗಡಿನ ಬಿಸ್ಕತ್ತು ಡಬ್ಬಿಯಲ್ಲಿ ಬಟ್ಟೆಯ ನಂಬರು ಬರೆದು ಇಡುತ್ತೇನೆ. ಬಟ್ಟೆ ಹೋಗುವಾಗ ಅದೂ ಹೋಗುತ್ತದೆ. ಯಾರ ಒಂದು ಗುಂಡಿಯನ್ನೂ ನಾವು ಇಟ್ಟುಕೊಂಡವರಲ್ಲ. ಹೀಗೆ ಸಿಗುವ ವಸ್ತುಗಳಲ್ಲಿ ಡಾಕ್ಟರ ಚೀಟಿಗಳೂ ಇರುತ್ತಿದ್ದವು, ವಾರಕ್ಕೆ ಎರಡು ಮೂರಾದರೂ.

ಅಕ್ಕನಿಗೆ ಮಂಡಿ ನೋವು ಶುರುವಾದಾಗ ಅವಳಿಗೆ ನಲವತ್ತೊಂದು. ಸಿಮೆಂಟ್ ನೆಲದ ಮೇಲೆ ದಿನಕ್ಕೆ ಹತ್ತು ಗಂಟೆ ನಿಂತರೆ ಮಂಡಿ ಏನು ಮಾಡೀತು. ಮೊದಲ ಸಲ ನಿಯತ್ತಾಗಿ ಸಾಲಿನಲ್ಲಿ ಕೂತು ತೋರಿಸಿಕೊಂಡು ಬಂದಳು. ನಾಲ್ಕು ಮಾತ್ರೆ, ಐದು ದಿನ. ಮೂರನೇ ದಿನಕ್ಕೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಭಾವ ಬೀದಿಯಲ್ಲೆಲ್ಲ ಡಾಕ್ಟರ ಕೈಗುಣ ಹೊಗಳಿಕೊಂಡು ಬಂದರು. ಮಾತ್ರೆ ಮುಗಿದ ಹದಿನೈದು ದಿನಕ್ಕೆ ನೋವು ಮರಳಿ ಬಂತು.

ಮತ್ತೆ ಅರ್ಧ ದಿನ ಬೆಂಚಿನ ಮೇಲೆ ಕೂರಲು ಅಕ್ಕನಿಗೆ ಮನಸ್ಸಿಲ್ಲ. ಅಂಗಡಿಯಲ್ಲಿ ಬಟ್ಟೆ ಸೊಂಟದೆತ್ತರ ಬಿದ್ದಿತ್ತು. ಹಳೆಯ ಚೀಟಿಯನ್ನೇ ಹಿಡಿದುಕೊಂಡು ನಾನು ಔಷಧಿ ಅಂಗಡಿಗೆ ಹೋದೆ. ಅಂಗಡಿಯವನು ತಾರೀಕು ನೋಡಿ ತಲೆಯಾಡಿಸಿದ.

"ಇದು ಹೋದ ತಿಂಗಳದ್ದು. ಈ ತಿಂಗಳ ಚೀಟಿ ತನ್ನಿ, ಕೊಡ್ತೀನಿ."

ಅವನಿಗೆ ಇದ್ದದ್ದು ಆ ಒಂದೇ ನೇಮ. ಹೆಸರು ಯಾರದು ಎಂದು ನೋಡುವ ಅಭ್ಯಾಸ ಅವನಿಗಿರಲಿಲ್ಲ.

ಅಂದು ಸಂಜೆಯೇ ಒಬ್ಬ ಬಸ್ ಡ್ರೈವರರ ಶರ್ಟಿನ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಎರಡು ದಿನದ ಹಿಂದಿನದು. ಯಾಕೋ ಕುತೂಹಲಕ್ಕೆ ಅಕ್ಕನ ಹಳೆಯ ಚೀಟಿಯ ಪಕ್ಕ ಇಟ್ಟು ನೋಡಿದೆ. ಸುಮ್ಮನೆ ನೋಡಲಿಲ್ಲ. ಸಾಲಿಗೆ ಸಾಲು ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಹೊಂದಿಸಿ ನೋಡಿದೆ. ಮೇಲಿನ ಹೆಸರು, ಕಾಯಿಲೆ ಬಿಟ್ಟರೆ ಒಂದಕ್ಷರವೂ ಬೇರೆ ಇರಲಿಲ್ಲ.

"ಅಕ್ಕ, ಇಲ್ನೋಡು. ನಿಂಗೆ ಕೊಟ್ಟಿದ್ದೇ ಅವ್ರಿಗೂ ಕೊಟ್ಟಿದಾರೆ."

"ಅವ್ರಿಗೂ ಮಂಡಿ ನೋವಾ?"

"ಇಲ್ಲ, ನೆಗಡಿ ಅಂತ ಬರ್ದಿದೆ."

ಅಕ್ಕ ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿ ಸ್ವಲ್ಪ ಯೋಚಿಸಿದಳು. "ಎಲ್ಲಾರ್ಗೂ ಅದ್ನೇ ಬರೆಯೋದಾದ್ರೆ ಯಾರ ಚೀಟಿ ಆದ್ರೇನು? ಹೋಗು, ಬೇಗ ತಗೊಂಡ್ಬಾ. ಶರ್ಟು ನಾಳೆ ಕೊಡ್ಬೇಕು, ಅದ್ರ ಜೊತೆ ಚೀಟಿನೂ ಹೋಗ್ಬೇಕು."

ಭಾವ ನಕ್ಕರು. "ನಿಂಗೆ ಡಾಕ್ಟ್ರು ಓದು ಓದಿಸ್ಬೇಕಿತ್ತು ಕಣಮ್ಮ."

ನಾನು ಉಬ್ಬಿಹೋದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಆ ಗಾದೆ ಕೇಳಿ ನಕ್ಕವಳು ನಾನು. ಡ್ರೈವರರಿಗೆ ನೆಗಡಿಯಾದರೆ ಅಕ್ಕನಿಗೆ ಮಾತ್ರೆ ತಂದುಕೊಟ್ಟವಳೂ ನಾನೇ.

ಹೀಗೆ ಮೂರು ವರ್ಷ ನಡೆಯಿತು. ಜೇಬಿನಲ್ಲಿ ಹೊಸ ಚೀಟಿ ಸಿಕ್ಕಿದರೆ ಅಕ್ಕನ ಮುಖ ಅರಳುತ್ತಿತ್ತು. ಔಷಧಿ ಅಂಗಡಿಯವನಂತೂ ಆ ನಾಲ್ಕು ಮಾತ್ರೆಗಳನ್ನು ಹಾಳೆಯಿಂದ ಕತ್ತರಿಸಿ ಮೊದಲೇ ಕಾಗದದ ಪೊಟ್ಟಣ ಕಟ್ಟಿಟ್ಟಿರುತ್ತಿದ್ದ. ಬೀದಿಯಲ್ಲಿ ಅದಕ್ಕೆ 'ಸೆಟ್ಟು' ಎಂದು ಹೆಸರು. ಆ ತಿಂಗಳ ಚೀಟಿ ತೋರಿಸಿ "ಎರಡು ಸೆಟ್ಟು ಕೊಡಿ" ಅಂದರೆ ಸಾಕು. ಕತ್ತರಿಸುವಾಗ ಮಾತ್ರೆಯ ಹೆಸರೂ ತಾರೀಕೂ ಅರ್ಧಂಬರ್ಧ ಹೋಗಿರುತ್ತಿತ್ತು. ಮೊದಲು ತಿಂಗಳಿಗೆ ಐದು ದಿನ ನುಂಗುತ್ತಿದ್ದ ಅಕ್ಕ ಆಮೇಲೆ ಹತ್ತು ದಿನ ನುಂಗಿದಳು. ಕೊನೆಯ ವರ್ಷ ದಿನವೂ. ದೊಡ್ಡ ಕ್ಯಾಪ್ಸೂಲು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಅದನ್ನು ಮಾತ್ರ ಒಂದು ದಿನ ನುಂಗಿ ಎರಡು ದಿನ ಬಿಡುತ್ತಿದ್ದಳು. ಉಳಿದ ಮೂರು ತಪ್ಪುತ್ತಿರಲಿಲ್ಲ.

ಅಕ್ಕನ ಮುಖ ದುಂಡಗಾಯಿತು. ಕೆನ್ನೆ ತುಂಬಿಕೊಂಡಿತು. ಬಟ್ಟೆ ಕೊಡಲು ಬಂದವರೆಲ್ಲ, "ಏನ್ರೀ, ಚೆನ್ನಾಗಿ ಮೈ ತುಂಬ್ಕೊಂಡಿದೀರಾ" ಅಂದರು. ಅಕ್ಕ ನಾಚಿಕೊಂಡಳು. ಭಾವ, "ನಾನು ಚೆನ್ನಾಗಿ ನೋಡ್ಕೋತಿದೀನಿ, ಅದಕ್ಕೆ" ಎಂದು ಮೀಸೆ ತಿರುವಿದರು. ಸಾಯುವ ದಾರಿಯಲ್ಲಿ ಹೋಗುತ್ತಿದ್ದವಳಿಗೆ ಸಿಕ್ಕ ಹೊಗಳಿಕೆ ಅದು.

ಆಮೇಲೆ ಸಂಜೆ ಹೊತ್ತಿಗೆ ಪಾದ ಊದತೊಡಗಿತು. ಚಪ್ಪಲಿಯ ಪಟ್ಟಿಯ ಗುರುತು ರಾತ್ರಿ ಊಟದವರೆಗೂ ಹೋಗುತ್ತಿರಲಿಲ್ಲ. ನಾಲ್ಕು ಮೆಟ್ಟಿಲಿಗೇ ಏದುಸಿರು. ಊಟ ಸೇರದು. "ನಿಂತು ನಿಂತು ಹಾಗಾಗತ್ತೆ ಬಿಡೇ," ಎಂದು ಅವಳೇ ನನಗೆ ಸಮಾಧಾನ ಹೇಳುತ್ತಿದ್ದಳು.

ಇಪ್ಪತ್ತು ವರ್ಷದಲ್ಲಿ ಒಂದು ಬಟ್ಟೆಯನ್ನೂ ಸುಡದ ನನ್ನ ಅಕ್ಕ ಒಂದು ದಿನ ಸಿಸ್ಟರ್ ಅವರ ಬಿಳಿ ಕೋಟು ಸುಟ್ಟಳು. ಪೆಟ್ಟಿಗೆ ಕೈಯಲ್ಲಿ ಹಿಡಿದಂತೆಯೇ ಮಂಪರು ಬಂದಿತ್ತು. ಕೋಟಿನ ಬೆನ್ನಿನ ಮೇಲೆ ಕಂದು ಬಣ್ಣದ ದೊಡ್ಡ ಕಲೆ.

ಸಿಸ್ಟರ್ ಅಂದರೆ ಸರ್ಕಾರಿ ಆಸ್ಪತ್ರೆಯ ನರ್ಸು. ಎರಡು ಬೀದಿ ಆಚೆ ಮನೆ. ಕೆಲಸ ಮುಗಿಸಿ ಕೋಟು ಒಯ್ಯಲು ಬಂದರು. ನಾನು ಕೋಟನ್ನು ಬಿಡಿಸಿ ತೋರಿಸಿದೆ. ಅವರು ಮೊದಲು ಸಿಡುಕಿದರು.

"ಇರೋದೇ ಎರಡು ಕೋಟು. ನಾಳೆ ಏನು ಹಾಕ್ಕೊಂಡು ಹೋಗ್ಲಿ ನಾನು?"

"ತಪ್ಪಾಯ್ತು ಸಿಸ್ಟರ್," ಎಂದು ಅಕ್ಕ ಏಳಲು ಹೋದಳು, ಏಳಲಾಗದೆ ಮೇಜು ಹಿಡಿದುಕೊಂಡಳು.

ಸಿಸ್ಟರ್ ಕೋಟನ್ನು ಬಿಟ್ಟು ಅಕ್ಕನ ಕಾಲು ನೋಡಿದರು. ಕೆಳಗೆ ಕೂತು ಮೊಣಕಾಲಿನ ಕೆಳಗೆ ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು, ನಾದಿದ ಹಿಟ್ಟಿನ ಮೇಲೆ ಉಳಿಯುವ ಹಾಗೆ.

"ಎಷ್ಟು ದಿನದಿಂದ ಹೀಗಿದೆ?"

"ಒಂದಾರು ತಿಂಗ್ಳು ಆಯ್ತೇನೋ."

"ಯಾವ ಮಾತ್ರೆ ತಗೋತಿದೀರಿ?"

"ನಮ್ಮ ಡಾಕ್ಟ್ರದ್ದೇ. ಸೆಟ್ಟು."

"ಎಷ್ಟು ವರ್ಷದಿಂದ?"

ಅಕ್ಕ ನನ್ನ ಮುಖ ನೋಡಿದಳು. ಲೆಕ್ಕ ಇಟ್ಟವಳು ನಾನಲ್ಲವೇ. "ಮೂರು," ಎಂದೆ.

ಅಷ್ಟರಲ್ಲಿ ಭಾವ ಸೈಕಲ್ ನಿಲ್ಲಿಸಿ ಒಳಗೆ ಬಂದರು. ವಿಷಯ ಕೇಳಿ ಅವರಿಗೆ ಇರಿಸುಮುರಿಸಾಯಿತು. "ಸಿಸ್ಟರ್, ಡಾಕ್ಟ್ರು ನೋಡಿ ಕೊಟ್ಟಿರೋ ಮಾತ್ರೆ ಅದು. ಬೀದಿಗೆ ಬೀದಿನೇ ನುಂಗತ್ತೆ. ಯಾರಿಗೇನಾಗಿದೆ?"

"ಎಲ್ಲಿ, ಇವ್ರ ಚೀಟಿ ತೋರ್ಸಿ ನೋಡೋಣ."

ನಾನು ಬಿಸ್ಕತ್ತು ಡಬ್ಬಿ ತಂದೆ. ಆ ದಿನ ಅದರಲ್ಲಿ ಹನ್ನೊಂದು ಚೀಟಿ ಇದ್ದವು. ಕೆಲವು ಆ ವಾರದವು, ಕೆಲವು ಯಾರೂ ಕೇಳದೆ ಉಳಿದವು. ಸಿಸ್ಟರ್ ಅವನ್ನು ಇಸ್ತ್ರಿ ಮೇಜಿನ ಮೇಲೆ ಒಂದರ ಪಕ್ಕ ಒಂದು ಹರಡಿದರು. ಡ್ರೈವರರ ನೆಗಡಿ. ಒಬ್ಬ ಮೇಷ್ಟರ ಗಂಟಲು. ಬ್ಯಾಂಕಿನ ಗುಮಾಸ್ತರ ತಲೆನೋವು. ಹೊಲಿಗೆಯವಳ ಬೆನ್ನು. ಯಾರದೋ ಭೇದಿ. ಒಂಬತ್ತು ವರ್ಷದ ಒಂದು ಮಗುವಿನ ಜ್ವರ, ಅದಕ್ಕೆ ಅದೇ ನಾಲ್ಕು, ಅರ್ಧರ್ಧ. ಹನ್ನೊಂದು ಜನ, ಹನ್ನೊಂದು ಕಾಯಿಲೆ, ಒಂದೇ ಬರಹ. ನಾನು ಮೂರು ವರ್ಷ ಒಂದೊಂದಾಗಿ ನೋಡಿದ್ದನ್ನು ಅವರು ಒಟ್ಟಿಗೆ ಇಟ್ಟು ತೋರಿಸಿದರು.

"ಇದ್ರಲ್ಲಿ ಇವ್ರ ಹೆಸ್ರು ಎಲ್ಲಿದೆ?" ಎಂದು ಕೇಳಿದರು ಸಿಸ್ಟರ್.

ನಾನು ಬಾಯಿಬಿಟ್ಟು ಎಲ್ಲವನ್ನೂ ಹೇಳಿದೆ. ಜೇಬಿನ ಚೀಟಿ, ಹಳೆಯದಕ್ಕೆ ಹೊಂದಿಸಿ ನೋಡಿದ್ದು, ಔಷಧಿ ಅಂಗಡಿ, ಮತ್ತೆ ಚೀಟಿಯನ್ನು ಬಟ್ಟೆಯ ಜೊತೆ ಜೋಪಾನವಾಗಿ ಕಳಿಸಿದ್ದು. ಬೈಯುತ್ತಾರೆ ಅಂದುಕೊಂಡೆ. ಅವರು ಬೈಯಲಿಲ್ಲ, ಒಂದು ಸ್ಟೂಲು ಎಳೆದು ಕೂತು ಅಕ್ಕನ ಮಾತ್ರೆಯ ಒಂದು ಪೊಟ್ಟಣ ಬಿಚ್ಚಿದರು.

"ಕೇಳಿ. ಈ ಮೊದಲ್ನೇದು ನೋವಿನ ಮಾತ್ರೆ. ಎರಡು ಮೂರು ದಿನಕ್ಕೆ ಸರಿ. ದಿನಾ ನುಂಗಿದ್ರೆ ಕಿಡ್ನಿ ತಿನ್ನತ್ತೆ. ಎರಡನೇದು ಹೊಟ್ಟೆ ಉರಿಗೆ, ಯಾಕಂದ್ರೆ ಮೊದಲ್ನೇದು ಹೊಟ್ಟೆ ಸುಡತ್ತೆ. ಈ ಕ್ಯಾಪ್ಸೂಲು ಆಂಟಿಬಯೋಟಿಕ್. ಮಂಡಿ ನೋವಿಗೂ ಅದಕ್ಕೂ ಸಂಬಂಧನೇ ಇಲ್ಲ, ನೆಗಡಿಗೂ ಬೇಕಾಗಿಲ್ಲ. ಒಂದಿನ ನುಂಗಿ ಎರಡು ದಿನ ಬಿಟ್ರೆ ಮೈಯಲ್ಲಿರೋ ಕ್ರಿಮಿಗಳು ಪಳಗಿಬಿಡ್ತಾವೆ. ನಾಳೆ ನಿಜವಾಗ್ಲೂ ಬೇಕಾದಾಗ ಅದು ನಾಟೋದೇ ಇಲ್ಲ."

"ಈ ಸಣ್ಣ ಬಿಳೀದು?" ಎಂದಳು ಅಕ್ಕ. "ಅದು ನುಂಗಿದ್ರೇನೇ ನಂಗೆ ಹಗುರ ಅನ್ಸೋದು."

"ಅದೇ ನಿಮ್ಮ ಡಾಕ್ಟ್ರ ಕೈಗುಣ. ಸ್ಟೆರಾಯ್ಡ್. ಯಾವ ನೋವು, ಯಾವ ಜ್ವರ ಇದ್ರೂ ಸಾಯಂಕಾಲಕ್ಕೆ ಮುಚ್ಚಿ ಹಾಕತ್ತೆ. ವಾಸಿ ಮಾಡಲ್ಲ, ಮುಚ್ಚತ್ತೆ. ಕೆಲವು ಕಾಯಿಲೆಗೆ ಅದು ಜೀವ ಉಳಿಸೋ ಮದ್ದು, ಇಲ್ಲ ಅನ್ನಲ್ಲ. ಆದ್ರೆ ವರ್ಷಗಟ್ಟಲೆ ಸುಮ್ಮನೆ ನುಂಗಿದ್ರೆ ಮುಖ ಊದತ್ತೆ, ಮೂಳೆ ಸವೆಯತ್ತೆ, ಬಿಪಿ ಏರತ್ತೆ. ನಿಮ್ಮ ಮುಖ ತುಂಬಿರೋದು ಊಟದಿಂದ ಅಲ್ಲಮ್ಮ."

ಅಕ್ಕ ಕೆನ್ನೆ ಮುಟ್ಟಿಕೊಂಡಳು. ಭಾವ ನೆಲ ನೋಡಿದರು. ಆದರೂ ಸೋಲಲಿಲ್ಲ.

"ಅವ್ರು ಅಷ್ಟು ಓದಿರೋ ಡಾಕ್ಟ್ರು. ನಾವು ಅವ್ರನ್ನೇ ಕೇಳ್ತೀವಿ."

"ಕೇಳಿ, ಅವಶ್ಯ ಕೇಳಿ. ಆದ್ರೆ ನಾಳೆ ಬೆಳಿಗ್ಗೆ ಆಸ್ಪತ್ರೆಗೂ ಬನ್ನಿ. ಮನೇಲಿರೋ ಮಾತ್ರೆ ಎಲ್ಲಾ ತನ್ನಿ. ನೋವಿನ ಮಾತ್ರೆ ಇವತ್ತೇ ನಿಲ್ಲಿಸಿ. ಆದ್ರೆ ಆ ಬಿಳಿ ಮಾತ್ರೆ ಮಾತ್ರ ಒಂದೇ ಸಲಕ್ಕೆ ಬಿಡ್ಬೇಡಿ. ಇಷ್ಟು ವರ್ಷ ನುಂಗಿ ಥಟ್ಟಂತ ಬಿಟ್ರೆ ಜೀವಕ್ಕೇ ಅಪಾಯ. ಅದನ್ನ ಹೇಗೆ ಇಳಿಸ್ಬೇಕು ಅಂತ ದೊಡ್ಡ ಡಾಕ್ಟ್ರು ಹೇಳ್ತಾರೆ."

ಅವರು ಸುಟ್ಟ ಕೋಟನ್ನೇ ಮಡಿಸಿಕೊಂಡು ಹೋದರು.

ಮರುದಿನ ಭಾವ ಹಠ ಹಿಡಿದರು. ಮೊದಲು ನಮ್ಮ ಡಾಕ್ಟರ ಹತ್ತಿರವೇ ಹೋಗಬೇಕು, ಸಿಸ್ಟರ್ ಹೇಳಿದ್ದು ತಪ್ಪು ಅಂತ ಅವರ ಬಾಯಿಂದಲೇ ಕೇಳಬೇಕು. ಮೂವರೂ ಹೋದೆವು. ಅಕ್ಕ ಸ್ಟೂಲಿನ ಮೇಲೆ ಕೂತಳು. ಪೆನ್ನು ಆಗಲೇ ಚೀಟಿಯ ಮೇಲಿತ್ತು. ಭಾವ ಆ ಚೀಟಿಯ ಮೇಲೆ ಮೆಲ್ಲಗೆ ಕೈ ಇಟ್ಟರು. ಹಾಗೆ ಮಾಡಲು ಅವರಿಗೆ ಎಷ್ಟು ಧೈರ್ಯ ಬೇಕಾಯಿತೋ.

"ಡಾಕ್ಟ್ರೇ, ಬರೆಯೋಕ್ಮುಂಚೆ ಇವಳ ಕಾಲು ಒಂದ್ಸಲ ನೋಡಿ. ಮೂರು ವರ್ಷದಿಂದ ನಿಮ್ಮ ಮಾತ್ರೆನೇ ನುಂಗ್ತಿದಾಳೆ."

ಅವರು ನೋಡಿದರು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಇವಳಿಗೆ ಮೂರು ವರ್ಷ ಮಾತ್ರೆ ಬರ್ದಿದ್ದು ಯಾರು?"

"ನೀವೇ," ಎಂದರು ಭಾವ.

"ನಾನು ಇವಳಿಗೆ ಐದು ದಿನಕ್ಕೆ ಬರ್ದೆ. ಅದೂ ಒಂದೇ ಸಲ. ಆಮೇಲಿನ ಚೀಟಿ ಇದ್ರೆ ತೋರ್ಸಿ."

ತೋರಿಸಲು ನಮ್ಮ ಹತ್ತಿರ ಏನಿತ್ತು. ಬೇರೆಯವರ ಜೇಬಿನ ಚೀಟಿ. ಡಾಕ್ಟರ ದನಿ ಏರಲಿಲ್ಲ, ಇಳಿಯಲೂ ಇಲ್ಲ.

"ನೋಡಪ್ಪ, ನನ್ನ ಮೇಲೆ ತಪ್ಪು ಹೊರಿಸ್ಬೇಡ. ನೆಗಡಿ ಅಂತ ಬಂದವ್ರಿಗೆ, ಬಿಸಿನೀರು ಕುಡಿ, ಮೂರು ದಿನ ಮಲಗು, ತಾನೇ ಹೋಗತ್ತೆ ಅಂತ ಹೇಳಿ ಕಳಿಸಿದ್ರೆ ನೀವು ನಾಳೆ ಮತ್ತೆ ಇಲ್ಲಿಗೆ ಬರ್ತೀರಾ? ಎದುರು ಬೀದಿಲಿ ಒಬ್ಬ ಹಾಗೆ ಹೇಳ್ತಿದ್ದ. ಏನಾದ?"

ಏನಾದರು ಎಂದು ನಮಗೆ ಗೊತ್ತಿತ್ತು. ಎದುರು ಬೀದಿಯಲ್ಲಿ ಒಬ್ಬ ಎಳೆಯ ಡಾಕ್ಟರು ಎರಡು ವರ್ಷ ಬಾಗಿಲು ತೆರೆದು ಕೂತಿದ್ದರು. ಕೂರಿಸಿ ಮಾತಾಡಿಸುತ್ತಿದ್ದರು, ಒಂದು ಮಾತ್ರೆ ಬರೆದರೆ ಹೆಚ್ಚು. "ಬರೀ ಮಾತಿನ ಡಾಕ್ಟ್ರು, ಔಷಧಿ ಕೊಡೋಕೆ ಬರಲ್ಲ" ಎಂದು ಬೀದಿ ನಕ್ಕಿತು. ಹೆಚ್ಚು ನಕ್ಕವರು ನಮ್ಮ ಭಾವ. ಕೊನೆಗೆ ಅವರು ಬಾಗಿಲು ಮುಚ್ಚಿಕೊಂಡು ಹೋದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಮ್ಮ ಬೀದಿಗೆ ತಕ್ಕ ಡಾಕ್ಟರು ನಮಗೆ ಸಿಕ್ಕಿದ್ದರು.

ಹೊರಡುವಾಗ ಭಾವ ಪರದೆಯ ಹತ್ತಿರ ನಿಂತು ತಿರುಗಿದರು. "ಆ ಸಣ್ಣ ಬಿಳಿ ಮಾತ್ರೆ ಏನು ಅಂತ ಒಂದ್ಮಾತು ಹೇಳ್ಬೋದಿತ್ತಲ್ಲ ಡಾಕ್ಟ್ರೇ."

"ನೀವು ಕೇಳ್ಲಿಲ್ಲ," ಎಂದರು ಡಾಕ್ಟರು. ಮುಂದಿನವರನ್ನು ಕರೆದರು.

ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟು ಇಳಿದಿಲ್ಲ. ನಾವು ಕೇಳಲಿಲ್ಲ, ನಿಜ. ಆದರೆ ಕೇಳದವರ ಮೈಯೊಳಗೆ ಏನನ್ನು ಬೇಕಾದರೂ ಕಳಿಸಬಹುದೇ? ಓದಿದವರು ಅವರು, ಗೊತ್ತಿದ್ದದ್ದು ಅವರಿಗೆ. ಮಗುವಿನ ಜ್ವರಕ್ಕೂ ಅದನ್ನೇ ಅರ್ಧ ಮಾಡಿ ಬರೆಯುವಾಗ ಕೈ ತಡೆಯಲಿಲ್ಲವೇ? ಅವರು ಕೈ ತೊಳೆದುಕೊಂಡ ರೀತಿಗೆ ನನ್ನ ಹೊಟ್ಟೆ ಉರಿಯಿತು. ಉರಿಯುತ್ತಲೇ ಇದೆ.

ಅಲ್ಲಿಂದ ಸಿಸ್ಟರ್ ಹೇಳಿದ ಆಸ್ಪತ್ರೆಗೆ ಹೋದೆವು. ರಕ್ತ ತೆಗೆದರು, ಮೂತ್ರ ನೋಡಿದರು, ಬಿಪಿ ನೋಡಿ ಎರಡನೇ ಸಲ ನೋಡಿದರು. ಮರುದಿನ ದೊಡ್ಡ ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದರು. ಅಕ್ಕನ ಕಿಡ್ನಿ ಮೂರು ಪಾಲು ಕೆಲಸ ಮಾಡಬೇಕಾದ ಕಡೆ ಒಂದು ಪಾಲು ಮಾಡುತ್ತಿದೆ.

ಅಕ್ಕ ಕೇಳಿದಳು, "ಹೋದ ಎರಡು ಪಾಲು ವಾಪಸ್ ಬರಲ್ವಾ?"

"ಬರಲ್ಲಮ್ಮ. ಇರೋ ಒಂದು ಪಾಲನ್ನ ಕಾಪಾಡ್ಕೋಬೋದು. ಅದೂ ಹೋದ್ರೆ ವಾರಕ್ಕೆ ಎರಡು ಮೂರು ಸಲ ಮೆಷಿನ್ನಿಗೆ ಹಾಕಿ ರಕ್ತ ತೊಳೀಬೇಕಾಗತ್ತೆ."

ಭಾವ ಕೋಣೆಯಿಂದ ಎದ್ದು ಹೋದರು. ಮೆಟ್ಟಿಲ ಮೇಲೆ ಕೂತು ಅತ್ತರು. ಅವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು. "ಕೈಗುಣ ಕೈಗುಣ ಅಂತ ಊರೆಲ್ಲ ಹೇಳ್ಕೊಂಡು ಬಂದೆ ಕಣಮ್ಮ," ಎಂದರು. ನಾನು ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು.

ಬಿಳಿ ಮಾತ್ರೆಯನ್ನು ಇಳಿಸಿ ಇಳಿಸಿ ಬಿಡಿಸಲು ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ಅಕ್ಕ ಪಟ್ಟ ಪಾಡು ವೈರಿಗೂ ಬೇಡ. ಮೂರು ವರ್ಷ ಮುಚ್ಚಿಟ್ಟ ನೋವೆಲ್ಲ ಒಟ್ಟಿಗೆ ಎದ್ದು ಬಂತು. ಬೆಳಿಗ್ಗೆ ಹಾಸಿಗೆಯಿಂದ ಏಳಿಸಲು ನಾವಿಬ್ಬರೂ ಬೇಕಾಗುತ್ತಿತ್ತು. ಒಂದು ದಿನ, "ಒಂದೇ ಒಂದು ಸೆಟ್ಟು ತಂದ್ಕೊಡೇ, ನಿನ್ನ ಕಾಲಿಗೆ ಬೀಳ್ತೀನಿ," ಎಂದಳು. ಅಕ್ಕ ನನಗೆ ಹಾಗೆ ಹೇಳುವುದೇ. ನಾನು ತರಲಿಲ್ಲ. ಅಡುಗೆ ಮನೆಗೆ ಹೋಗಿ ಅತ್ತು ಬಂದೆ.

ಈಗ ಅವಳು ಎತ್ತರದ ಸ್ಟೂಲಿನ ಮೇಲೆ ಕೂತು ಇಸ್ತ್ರಿ ಮಾಡುತ್ತಾಳೆ, ಮೊದಲಿನ ಅರ್ಧದಷ್ಟು. ಮಂಡಿಗೆ ಆಸ್ಪತ್ರೆಯಲ್ಲಿ ಹೇಳಿಕೊಟ್ಟ ವ್ಯಾಯಾಮ, ಬಿಸಿ ಶಾಖ. ನೋವು ತಡೆಯಲಾಗದಿದ್ದರೆ ಡಾಕ್ಟರಮ್ಮ ಹೇಳಿದ ಒಂದೇ ಬಗೆಯ ಮಾತ್ರೆ, ಹೇಳಿದಷ್ಟೇ. ಊಟಕ್ಕೆ ಉಪ್ಪು ಕಡಿಮೆ. ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಹೋದ ಸಲದ ಪರೀಕ್ಷೆಯಲ್ಲಿ ಆ ಒಂದು ಪಾಲು ಹಾಗೇ ಇತ್ತು, ಕರಗಿರಲಿಲ್ಲ. ನಮ್ಮ ಮನೆಯಲ್ಲಿ ಈಗ ಸಂತೋಷ ಅಂದರೆ ಅಷ್ಟೇ.

ಭಾವ ಪೂರ್ತಿ ಬದಲಾದರು. ಮೊನ್ನೆ ಕೆಮ್ಮು ಬಂದಾಗ ಅದೇ ಡಾಕ್ಟರ ಹತ್ತಿರ ಹೋಗಿ ಚೀಟಿ ಹಿಡಿದುಕೊಂಡು ಒಂದೊಂದೇ ಸಾಲಿಗೆ ಬೆರಳಿಟ್ಟು ಕೇಳಿದರಂತೆ. ಇದರ ಹೆಸರೇನು, ಇದು ಯಾಕೆ, ಎಷ್ಟು ದಿನ. ಡಾಕ್ಟರಿಗೆ ಮುಖ ಕೆಂಪಾಯಿತಂತೆ. ಬೆಂಚಿನ ಮೇಲಿದ್ದವರು ಗೊಣಗಿದರಂತೆ. ಆದರೆ ಮೂರನೇ ಸಾಲಿಗೆ ಬರುವ ಹೊತ್ತಿಗೆ ಡಾಕ್ಟರು ತಾವೇ ಪೆನ್ನು ತೆಗೆದು ಎರಡು ಸಾಲು ಹೊಡೆದುಹಾಕಿದರಂತೆ.

ಬೀದಿ ಬದಲಾಯಿತೇ ಎಂದು ಕೇಳಬೇಡಿ. ನಾನು ಇವತ್ತಿಗೂ ಜೇಬು ನೋಡುವವಳೇ. ಕೇಳಿದವರಿಗೆ ಎರಡು ಮಾತ್ರೆ, ಕೇಳದವರಿಗೆ ಅದೇ ನಾಲ್ಕು. ಡಾಕ್ಟರು ತಾವಾಗಿ ಬದಲಾಗುತ್ತಾರೆ ಎಂದು ಕಾದರೆ ನಮ್ಮ ಕಿಡ್ನಿ ಕಾಯುವುದಿಲ್ಲ.

ಅದಕ್ಕೇ ನಿಮಗೆ ಇಷ್ಟು ಹೇಳುತ್ತಿದ್ದೇನೆ. ಬರೆದ ಮಾತ್ರೆಯ ಹೆಸರು ಕೇಳಿ, ಯಾವುದಕ್ಕೆ ಎಂದು ಕೇಳಿ, ಎಷ್ಟು ದಿನ ಎಂದು ಕೇಳಿ. ಈಗಾಗಲೇ ನುಂಗುತ್ತಿರುವ ಮಾತ್ರೆ ಇದ್ದರೆ ಎಲ್ಲವನ್ನೂ ತೋರಿಸಿ. "ಸ್ವಲ್ಪ ಸ್ಟ್ರಾಂಗ್ ಆಗಿರೋದು ಕೊಡಿ ಡಾಕ್ಟ್ರೇ" ಅನ್ನುವ ಮಾತನ್ನು ಇವತ್ತೇ ಬಿಡಿ. ಮಲಗಿ ಎದ್ದರೆ ಹೋಗುತ್ತದೆ ಎಂದು ಹೇಳುವ ಡಾಕ್ಟರು ಸಿಕ್ಕರೆ ನಗಬೇಡಿ, ನಂಬಿ. ಹೆಸರು ಕತ್ತರಿಸಿಹೋದ ಪೊಟ್ಟಣದ ಮಾತ್ರೆ ತರಬೇಡಿ, ಹಾಳೆ ಪೂರ್ತಿ ನೋಡಿ ತನ್ನಿ. ವರ್ಷಗಟ್ಟಲೆ ನುಂಗಿದ್ದರೆ ಹೆದರಿ ಒಮ್ಮೆಗೇ ಬಿಡಬೇಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ. ಕಾಲು ಊದಿದರೆ, ಮುಖ ದುಂಡಗಾದರೆ ಹೊಗಳಿಕೆಗೆ ಮರುಳಾಗಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಇನ್ನೊಬ್ಬರಿಗೆ ಬರೆದ ಚೀಟಿ ಸಾಲು ಸಾಲು ಹೊಂದಿದರೂ ನಿಮ್ಮದಲ್ಲ.

ಇನ್ನೊಂದು ಮಾತಿದೆ. ಪ್ರತಿ ಮನೆಯಲ್ಲೂ ಓದು ಬಂದವರು ಒಬ್ಬರು ಇರುತ್ತಾರೆ. ಅಪ್ಪನಿಗೆ, ಅತ್ತೆಗೆ, ಅಕ್ಕನಿಗೆ ಅಂಗಡಿಯಿಂದ ಮಾತ್ರೆ ತಂದುಕೊಡುವವರು ಅವರೇ. ಇದನ್ನು ಈಗ ಮನೆಯವರಿಗೋ ನೆರೆಯವರಿಗೋ ಗಟ್ಟಿಯಾಗಿ ಓದಿ ಹೇಳುತ್ತಿರುವವರಿದ್ದರೆ, ಅವರೂ ಅಂಥವರೇ ಇರಬೇಕು. ಅಕ್ಕ ಇವತ್ತಿನವರೆಗೂ ನನ್ನನ್ನು ಒಂದು ಮಾತು ಬೈದಿಲ್ಲ. "ನೀನು ನನ್ನ ಒಳ್ಳೇದಕ್ಕೇ ತಂದ್ಕೊಟ್ಟೆ ಬಿಡೇ," ಅನ್ನುತ್ತಾಳೆ. ಅವಳು ಬೈದಿದ್ದರೆ ಒಂದು ದಿನ ನಿದ್ದೆಯಾದರೂ ಬರುತ್ತಿತ್ತೇನೋ. ನೀವು ತಂದುಕೊಡುವ ಮುಂಚೆ ಕೇಳಿ. ನಾನು ಕೇಳಲಿಲ್ಲ.